ಗವಸಿನೊಳಗಿನ ದೀಪ

ಇಲಕಲ್ಲು,
ಶ್ರಾವಣ, ೧೯೮೪

ಅಕ್ಕಾ,

ಮೊದಲನೆಯ ಹಾಳೆಯ ಮೇಲೆ 'ತೀರ್ಥರೂಪ ಸಮಾನರಾದ ಅಕ್ಕನವರ ಸನ್ನಿಧಿಗೆ' ಎಂದು ಬರೆದಿದ್ದೆ. ಓದಿ ನೋಡಿದರೆ ಸಹಕಾರಿ ಸಂಘಕ್ಕೆ ಅರ್ಜಿ ಹಾಕಿದ ಹಾಗಿತ್ತು. ಹರಿದು ಹಾಕಿದೆ. ಕಾಗದದ ಮೇಲೆ ನನ್ನ ಮಾತು ಯಾವಾಗಲೂ ಬೂಟು ಹಾಕಿಕೊಂಡೇ ನಡೆಯುತ್ತದೆ, ಬಿ.ಎ. ಓದಿದ್ದಕ್ಕೆ ನನಗೆ ಉಳಿದದ್ದು ಅದೊಂದೇ. ನಡುವೆ ಎಲ್ಲಾದರೂ ಬೂಟು ಕಳಚಿದರೆ ಅದು ನಮ್ಮ ಮನೆಯ ಮಾತು ಎಂದು ತಿಳಿ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತದೆ ಅಂತ ನನಗೆ ಗೊತ್ತು. ನೀನು ಇಳಿದುಕೊಂಡ ಮನೆಯ ಮುತ್ತವ್ವನ ಕಡೆ ಓದಿಸಬೇಡ. ಅವಳು ಗಟ್ಟಿಯಾಗಿ ಓದುತ್ತಾಳೆ, ಚೊಳಚಗುಡ್ಡ ಸಣ್ಣ ಊರು.

ಮೊನ್ನೆ ಬಾದಾಮಿ ಬಸ್ಸಿನ ಕಂಡಕ್ಟರು ನಮ್ಮ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ, ಇಳಿಯದೆ, ಫೂಟ್‌ಬೋರ್ಡಿನ ಮೇಲೆ ನಿಂತೇ ಕೂಗಿ ಹೇಳಿದ: "ಸಾವುಕಾರ್ರ, ನಿಮ್ಮ ಅಕ್ಕಾರು ಇನ್ನ ಅಲ್ಲೇ ಇರ್ತಾರಂತ. ಅವರ ಟ್ರಂಕ್ ಕಳಸಬೇಕಂತ್ರಿ." ನೂಲು ಕೊಳ್ಳಲು ನಿಂತ ಗಿರಾಕಿಗಳೆಲ್ಲ ನನ್ನ ಮುಖ ನೋಡಿದರು. ನಾನು ತಕ್ಕಡಿ ನೋಡಿದೆ. ಎಂಟು ದಿನಕ್ಕೆಂದು ಹೋದವಳು ಎರಡು ತಿಂಗಳಾದರೂ ಬರಲಿಲ್ಲ ಎಂದರೆ ಹೀಗೊಂದು ಮಾತು ಬರುತ್ತದೆ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ತಿಳಿದೂ ಸುಮ್ಮನಿದ್ದೆ, ಅಷ್ಟೆ.

ಟ್ರಂಕು ಅಟ್ಟದಿಂದ ಇಳಿಸಿ ಪಡಸಾಲೆಯಲ್ಲಿ ಇಟ್ಟಿದ್ದೇನೆ. ತೆರೆದು ನೋಡಿಲ್ಲ. ಅದು ಹೊರಡುವ ಮೊದಲು ನಿನಗೆ ಒಂದು ವಿಷಯ ಹೇಳಬೇಕು. ವಿಷಯ ನಮ್ಮ ಗಾಡಿಯ ಬ್ಯಾಟರಿಯದು. ನಗಬೇಡ. ಅಥವಾ ನಗು, ನೀನು ನಕ್ಕರೆ ನನಗೂ ಹಗುರ.

ನಿನಗೆ ನೆನಪಿದೆ, ಈ ಬೇಸಿಗೆಯಿಡೀ ನಮ್ಮ ಓಣಿಗೆ ಬೆಳಗಾಗುತ್ತಿದ್ದುದೇ ನಮ್ಮ ಫಿಯಾಟ್ ಗಾಡಿಯ ಕೆಮ್ಮಿನಿಂದ. ನಾನು ಗವಸು ತೆಗೆದು, ಇಸ್ತ್ರಿ ಮಾಡಿದ ಧೋತರದಲ್ಲಿ ಒಳಗೆ ಕೂತು, ಸೆಲ್ಫ್ ಹೊಡೆಯುವುದು. ಅದು 'ಕಟ್' ಎಂದು ಸುಮ್ಮನಾಗುವುದು. ಮತ್ತೆ ಹೊಡೆಯುವುದು, ಮತ್ತೆ 'ಕಟ್'. ಆ ಸಪ್ಪಳಕ್ಕೆ ಎದುರುಮನೆಯ ಅಮಾತೆಪ್ಪ ಕುಣಿಮಗ್ಗದಿಂದ ಎದ್ದು, ಕೈಗೆ ಹತ್ತಿದ ನೂಲಿನ ಎಳೆ ಒರೆಸಿಕೊಳ್ಳುತ್ತ ಹೊರಗೆ ಬರುವನು. ಅವನ ಹಿಂದೆ ಇನ್ನಿಬ್ಬರು. "ಏಳ್ರೋ, ಸಾವುಕಾರ್ರ ರಥ ಎಳಿಯೂದೈತಿ," ಎನ್ನುವನು. ನೂಕುತ್ತ ನೂಕುತ್ತ ನನಗೆ ಕೇಳುವ ಹಾಗೆ, "ಪೆಟ್ರೋಲ್ ಹಾಕೂದ ಬಿಟ್ಟು ನಮಗ ಎರಡೆರಡು ರೊಟ್ಟಿ ಹಾಕ್ರಿ, ಬಾಗಲಕೋಟಿತನಕ ಹಿಂಗ ನೂಕಿಕೊಂಡ ಹೋಗತೇವಿ," ಎನ್ನುವನು. ನಾನು ಸ್ಟೇರಿಂಗ್ ಹಿಡಿದು ಬಿಗಿಯಾಗಿ ಕೂತಿರುತ್ತಿದ್ದೆ. ನನ್ನಿಂದ ನೂಲು ಕೊಂಡು ನೇಯುವವರು ನನ್ನನ್ನು ಹೀಗೆ ತಳ್ಳಿ ಕಳಿಸುವುದು, ಅದೂ ದಿನಾ, ಅದೂ ಎಲ್ಲರ ಎದುರು. ಅಂಗಡಿಯ ಬೋರ್ಡಿನ ಮೇಲೆ 'ಎಳೆ ನಮ್ಮದು, ಕಳೆ ನಿಮ್ಮದು' ಎಂದು ಬರೆಸಿದ್ದೆನಲ್ಲ, ಅದರ ಕೆಳಗೆ ಯಾರೋ ಸುಣ್ಣದಲ್ಲಿ 'ಗಾಡಿ ನಿಮ್ಮದು, ನೂಕು ನಮ್ಮದು' ಎಂದು ಬರೆದು ಹೋದರು. ಪ್ರಾಸ ಚೆನ್ನಾಗಿತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು.

ಆಗ ಅದನ್ನೇ ನಾನು ನಾಚಿಕೆ ಎಂದು ತಿಳಿದಿದ್ದೆ. ನಾಚಿಕೆಯ ರುಚಿ ನನಗಿನ್ನೂ ಗೊತ್ತಿರಲಿಲ್ಲ.

ಒಂದು ದಿನ ಓಣಿಯ ಗಂಡಸರೆಲ್ಲ ಯಾರದೋ ಮಣ್ಣಿಗೆ ಹೋಗಿದ್ದರು. ನಾನು ಹುನಗುಂದಕ್ಕೆ ಹೋಗಲೇಬೇಕಿತ್ತು. ಸೆಲ್ಫ್ 'ಕಟ್' ಎಂದಿತು. ನೀನು ಅಂಗಳ ಸಾರಿಸುತ್ತಿದ್ದವಳು ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನೀ ಕುಂಡ್ರಪಾ ಸಂಗೂ, ನಾ ನೂಕತೇನಿ," ಎಂದಿ. ಬೇಡ ಎಂದು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. ಇಳಿಜಾರು ನಮ್ಮ ಕಡೆಗಿತ್ತು, ಗಾಡಿ ಹೊರಟಿತು, ಎಂಜಿನ್ ಹತ್ತಿತು. ನೂಕಿ ಹಚ್ಚಿದ ಗಾಡಿ ನಿಲ್ಲಿಸಬಾರದಲ್ಲ, ಹಾಗೇ ಹೋದೆ. ಕನ್ನಡಿಯಲ್ಲಿ ನೀನು ಹೊಗೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಿ. ನಗುತ್ತಿದ್ದಿ. ಹುನಗುಂದ ಮುಟ್ಟುವವರೆಗೆ ನಾನು ಆ ದಿನದ ಪ್ರಾಸ ಕಟ್ಟುತ್ತಿದ್ದೆ, 'ಅಕ್ಕ ನೂಕಿದ ಗಾಡಿ, ಹೊಂಟಿತು ನೋಡಿ' ಎಂದು. ಆ ಗಾಡಿ ಮನೆಗೆ ಬಂದು ಎರಡು ವರ್ಷ ಆಗುತ್ತ ಬಂದಿತ್ತು. ಅದರೊಳಗೆ ಒಮ್ಮೆಯೂ ಕೂರದವಳು ನನ್ನ ಮನೆಯಲ್ಲಿ ನೀನೊಬ್ಬಳೇ. ನೀನೇ ಅದನ್ನು ನೂಕಿದಿ. ಈ ಎರಡು ಮಾತು ಆ ಹೊತ್ತು ನನ್ನ ತಲೆಯಲ್ಲಿ ಒಂದರ ಪಕ್ಕ ಒಂದು ಬಂದು ನಿಲ್ಲಲಿಲ್ಲ.

ನೀನು ಯಾಕೆ ಕೂರಲಿಲ್ಲ ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರಗಳು ಬಹಳ ಇದ್ದವು. ಗಾಡಿ ತಂದ ದಿನ ಮಠದ ಮುಂದೆ ಪೂಜೆ ಮಾಡಿಸಿದೆವು. ಗಾಲಿಗೆ ಇಡುವ ನಿಂಬೆಹಣ್ಣು ಬುಟ್ಟಿಯಲ್ಲಿ ಆರಿಸಿ ತಂದುಕೊಟ್ಟವಳು ನೀನು. ಕೊಟ್ಟು, ಹಿಂದೆ ಸರಿದು, ಗೋಡೆಗೆ ಹತ್ತಿ ನಿಂತಿ. ಮೊದಲ ಸವಾರಿ ಬನಶಂಕರಿಗೆ. ಸಾವಿತ್ರಿ, ನಮ್ಮಿಬ್ಬರ ಮಕ್ಕಳು, ಅವಳ ತಾಯಿ, ತಮ್ಮ. ಗಾಡಿ ತುಂಬಿತು. "ಮುಂದಿನ ಸಲ ನೀ ಅಕ್ಕಾ," ಎಂದೆ. ಬಾಗಲಕೋಟೆಯ ನಿಶ್ಚಯಕ್ಕೆ ಹೋದಾಗ ಸೀರೆಯ ಗಂಟಿತ್ತು. ಶಿರೂರಿನ ತೊಟ್ಟಿಲಿಗೆ ಹೋದಾಗ, ಕೂಸಿನ ಮನೆಗೆ ನಾ ಯಾಕಪಾ ಎಂದು ನೀನೇ ಅಂದಿ. ನೀನು ಹಾಗೆ ಅನ್ನುವುದರೊಳಗೆ ನಾನು ಗಾಡಿ ಹಚ್ಚಿದ್ದೆ. ನಿನ್ನ ಗಂಡ, ನಮ್ಮ ಗುಡೂರಿನ ಮಾಮಾ, ತೀರಿಕೊಂಡು ನೀನು ಬರಿಗೊರಳಿನಲ್ಲಿ ನಮ್ಮ ಮನೆಗೆ ಬಂದ ದಿನದಿಂದ ನಾನು ಒಂದು ಸಲವೂ, ಯಾವ ಕೆಟ್ಟ ಗಳಿಗೆಯಲ್ಲೂ, ನಿನ್ನನ್ನು ಅಪಶಕುನ ಎಂದವನಲ್ಲ. ಬಸವ ಜಯಂತಿಯ ದಿನ ವೇದಿಕೆಯ ಮೇಲೆ ನಿಂತು, ಶರಣರಿಗೆ ಮೈಲಿಗೆ ಇಲ್ಲ, ಮುತ್ತೈದೆ ವಿಧವೆ ಎಂಬ ಭೇದ ಇಲ್ಲ ಎಂದು ವರ್ಷಾ ವರ್ಷಾ ಮಾತಾಡುವವನು. ಚಪ್ಪಾಳೆ ಬೀಳುತ್ತವೆ. ಆದರೆ ನೀನು ಗೋಡೆಗೆ ಸರಿದು ನಿಂತಾಗಲೆಲ್ಲ ನನ್ನ ಎದೆಯಲ್ಲಿ ಏನೋ ಒಂದು ಹಗುರಾಗುತ್ತಿತ್ತಲ್ಲ ಅಕ್ಕಾ. ಬೀಗರು ಏನೂ ಅನ್ನಲಾರರು, ಸಾವಿತ್ರಿಯ ತಾಯಿ ಮುಖ ತಿರುಗಿಸಲಾರಳು, ನಾನು ಯಾರನ್ನೂ ಎದುರಿಸಬೇಕಾಗಿಲ್ಲ. ಆ ಹಗುರನ್ನು ನಾನು ಏನೆಂದು ಕರೆಯಲಿ? ಎಷ್ಟು ಹುಡುಕಿದರೂ ಅದಕ್ಕೆ ಒಂದು ಪ್ರಾಸ ಸಿಗಲಿಲ್ಲ.

ಇರಲಿ, ಬ್ಯಾಟರಿಗೆ ಬರುತ್ತೇನೆ.

ಹುನಗುಂದ ರಸ್ತೆಯ ಖಾದರಬಾಷಾ ಗೊತ್ತಲ್ಲ, ಗ್ಯಾರೇಜಿನವನು. ಒಮ್ಮೆ ತಹಶೀಲ್ದಾರರ ಜೀಪು ರಿಪೇರಿ ಮಾಡಿದಾಗಿನಿಂದ ಅವನು ಯಾರಿಗೂ ಬಗ್ಗಿ ನಮಸ್ಕಾರ ಮಾಡುವುದಿಲ್ಲ. ಮೊದಲು ಬ್ಯಾಟರಿಗೆ ನೀರು ಹಾಕಿದ. ಆಮೇಲೆ ಸೋಡಾ ಹಾಕಿ ತೊಳೆದ. "ಡೈನಮೋ ಮುದುಕಾಗೇತ್ರಿ," ಎಂದು ಅದರ ಬುರುಸು ಬದಲಿಸಿದ. ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. "ಕರೆಂಟ್ ತಡಿಯೂ ಕಟೌಟ್ ಹೋಗೇತ್ರಿ, ಡೈನಮೋ ಪಾಪ ಏನ ಮಾಡೀತು," ಎಂದು ಅದನ್ನೂ ಬದಲಿಸಿದ. ಆಮೇಲೂ ಇಳಿಯಿತು. ಹಾರ್ನಿನ ವಾಯರು, ಹಿಂದಿನ ದೀಪದ ವಾಯರು, ಎಲ್ಲ ಕಿತ್ತು ಸುತ್ತಿದ. ಕೊನೆಗೆ ತಲೆ ಕೆರೆದುಕೊಂಡು, ಮಧ್ಯಾಹ್ನ ಊಟಕ್ಕೆ ಬಂದು ಗಾಡಿ ಒಳಗಿಟ್ಟ ಕೂಡಲೇ ಬ್ಯಾಟರಿಯ ವಾಯರು ಬಿಚ್ಚಿಡಿರಿ, ಮುಂಜಾನೆ ಹಚ್ಚಿರಿ, ನೋಡೋಣ ಎಂದ. ಹಾಗೇ ಮಾಡಿದೆ. ಬಿಚ್ಚಿಟ್ಟಷ್ಟು ದಿನವೂ ಗಾಡಿ ಒಂದೇ ಹೊಡೆತಕ್ಕೆ ಎದ್ದಿತು. ಹಚ್ಚಿಯೇ ಬಿಟ್ಟರೆ ಮತ್ತೆ ಇಳಿಯಿತು. ಪಾನಾ ಹಿಡಿದು ಬಿಚ್ಚಿ ಕಟ್ಟುವುದರೊಳಗೆ ನನ್ನ ಒಳ್ಳೆಯ ಧೋತರಕ್ಕೆಲ್ಲ ಆಸಿಡ್ಡಿನ ತೂತು ಬಿದ್ದವು. ನೀನೇ ಅವಕ್ಕೆ ರಫೂ ಹಾಕಿದಿ.

"ಅಂದ್ರ ಬ್ಯಾಟರಿ ಕೆಟ್ಟಿಲ್ರಿ," ಎಂದ ಖಾದರಬಾಷಾ, ಬೀಡಿ ಹಚ್ಚಿ. "ಗಾಡ್ಯಾಗ ಒಬ್ಬ ಕಳ್ಳ ಅದಾನ. ನಿಂತಲ್ಲೇ ಕರೆಂಟ್ ಕುಡಿಯಾಕ ಹತ್ಯಾನ. ಓಣಿ ಹುಡುಗ್ರು ಹೊಕ್ಕೊಂಡು ಸ್ವಿಚ್ ಗಿಚ್ ತಿರುವತಾರ ಏನೋ. ಶೆಡ್ಡಿಗೆ ಒಂದ ಕೀಲಿ ಜಡೀರಿ."

ನನಗೆ ಆ ಮಾತು ಬಹಳ ರುಚಿಸಿತು. ದಾರಿಯುದ್ದಕ್ಕೂ ಕಟ್ಟುತ್ತ ಬಂದೆ. ಊಟಕ್ಕೆ ಎಲ್ಲರೂ ಕೂತಾಗ, ನೀನು ರೊಟ್ಟಿ ನೀಡುತ್ತಿದ್ದಾಗ, ತಾಟಿನ ಮೇಲೆ ತಾಳ ಹಾಕಿ ಹೇಳಿದೆ:

ಗಾಡಿಯ ಒಳಗ ಗುಟ್ಟಿನ ಕಳ್ಳ,
ಕುಂತಲ್ಲೆ ಕುಂತು ಕುಡಿತಾನ ಮಳ್ಳ.
ನಾಳಿಂದ ಶೆಡ್ಡಿಗೆ ಜಡದೇನಿ ಕೀಲಿ,
ಕುಂಡರಲಿ ಕಳ್ಳ ಹೊರಗಿನ ಗಾಳೀಲಿ.

ಮಕ್ಕಳು ಉಂಡ ಕೈಯಲ್ಲೇ ಚಪ್ಪಾಳೆ ಹೊಡೆದವು. ಸಾವಿತ್ರಿ ಕೂಡ ನಕ್ಕಳು, ಅವಳು ನನ್ನ ಪ್ರಾಸಕ್ಕೆ ನಗುವುದು ವರ್ಷಕ್ಕೆ ಒಂದು ಸಲ. ನೀನು ನಗಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಇದ್ದವು, ಆದರೂ "ಬಿಸೇವು ತರ್ತೇನಿ" ಎಂದು ಒಳಗೆ ಹೋದಿ. ಬಹಳ ಹೊತ್ತು ಬರಲಿಲ್ಲ. ನನಗೆ ಸ್ವಲ್ಪ ಬೇಸರವಾದದ್ದು ಖರೆ. ನನಗೆ ಪ್ರಾಸ ಕಲಿಸಿದವಳೇ ನೀನು. ಬೀಸುವ ಕಲ್ಲಿನ ಮುಂದೆ ನೀನೊಂದು ಸಾಲು ಹೇಳಬೇಕು, ನಾನು ಹಿಟ್ಟು ಬೀಳುವುದರೊಳಗೆ ಇನ್ನೊಂದು ಕೂಡಿಸಬೇಕು. ತಪ್ಪಿದರೆ ಮೂಗಿಗೆ ಹಿಟ್ಟು ಹಚ್ಚುತ್ತಿದ್ದಿ. ಅಂಥವಳು ನನ್ನ ನಾಲ್ಕು ಸಾಲಿಗೆ ಒಂದು ಹೂಂ ಕೂಡ ಅನ್ನಲಿಲ್ಲವಲ್ಲ ಎಂದು.

ಮರುದಿನ ಕೀಲಿ ಜಡಿದೆ. ಅದರ ಮರುದಿನ ನೀನು ಕೈಚೀಲ ಹಿಡಿದು ಹೊಸ್ತಿಲಲ್ಲಿ ನಿಂತು, "ಬನಶಂಕರಿಗೆ ಹೋಗಿ ಮುತ್ತವ್ವನ ಮನ್ಯಾಗ ಎಂಟು ದಿನ ಇದ್ದು ಬರ್ತೇನಪಾ," ಎಂದಿ. ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ, "ಶೆಡ್ಡಿನ ಕೀಲಿಕೈ ಜ್ವಾಕಿ ಇಟ್ಟಕೊ. ನಾ ಏನೂ ಮುಟ್ಟಿಲ್ಲ," ಎಂದಿ. ನಾನು ಅಂಗಡಿಯ ಕೀಲಿಕೈ ಹುಡುಕುತ್ತಿದ್ದೆ. ಹೂಂ ಎಂದೆ. ಅಂದು ಗಾಡಿ ಒಂದೇ ಹೊಡೆತಕ್ಕೆ ಎದ್ದಿತು. ಕೀಲಿಯ ಮಹಿಮೆ ಎಂದುಕೊಂಡೆ. ಆ ದಿನ ನನಗೆ ಕೆಲಸವಿದ್ದದ್ದು ಎಲ್ಲಿ ಗೊತ್ತೇ? ಗುಡೂರಿನಲ್ಲಿ. ನಿನ್ನ ಬಸ್ಸಿನ ದಾರಿ. ಗುಡೂರಿನ ಈಚೆ ಒಂದು ಬಸ್ಸು ಧೂಳು ಎಬ್ಬಿಸುತ್ತ ಮುಂದೆ ಹೋಗುತ್ತಿತ್ತು. ಹಾರ್ನ್ ಹೊಡೆದು ಹೊಡೆದು ಸೈಡು ಕೇಳಿ, ಅದನ್ನು ದಾಟಿ ಹೋದೆ. ಹಿಂದಿನ ಸೀಟಿನ ಮೇಲೆ ನೂಲಿನ ಗಂಟುಗಳು ಬಹಳ ಆರಾಮಾಗಿ ಕೂತಿದ್ದವು. ನೀನು ಆ ಬಸ್ಸಿನ ಕಿಟಕಿಯಲ್ಲಿದ್ದಿಯೋ ಏನೋ. ನಮ್ಮ ಗಾಡಿಯ ಹಾರ್ನು ನಿನಗೆ ಗುರುತು ಇದೆ.

ಆಮೇಲೆ ಬ್ಯಾಟರಿ ಇಳಿಯಲೇ ಇಲ್ಲ. ನಾನು ಖಾದರಬಾಷಾನಿಗೆ ಚಹಾ ಕುಡಿಸಿದೆ. ಅಮಾತೆಪ್ಪ ಒಬ್ಬನಿಗೇ ಸ್ವಲ್ಪ ನಿರಾಸೆಯಾಯಿತು. "ಮುಂಜಾನಿ ಕಾಲಿಗೆ ಕಸರತ್ತು ಇಲ್ಲದಂಗಾತ್ರಿ," ಎಂದ. ಸ್ವಲ್ಪ ದಿನಕ್ಕೆ ಸಾವಿತ್ರಿ ಗೊಣಗಿದಳು, ಕಟ್ಟಿಗೆ ಬೇಕೆಂದಾಗಲೆಲ್ಲ ಕೀಲಿಕೈಗಾಗಿ ಅಂಗಡಿಗೆ ಆಳು ಕಳಿಸಬೇಕು ಎಂದು. ಕೀಲಿ ತೆಗೆದುಬಿಟ್ಟೆ. ಶೆಡ್ಡು ಬಾಗಿಲು ತೆರೆದುಕೊಂಡು ಬಿತ್ತು. ಓಣಿಯ ಹುಡುಗರು ಅಲ್ಲೇ ಚಿಣ್ಣಿ ಆಡಿದರು. ಬ್ಯಾಟರಿ ಇಳಿಯಲಿಲ್ಲ. ಅಂದರೆ ಕೀಲಿಯಿಂದ ಅಲ್ಲ, ಹುಡುಗರಿಂದಲೂ ಅಲ್ಲ. ಹಾಗಾದರೆ ಏನು ಬದಲಾಯಿತು ಎಂದು ನಾನು ಒಂದು ಸಲ ಕೇಳಿಕೊಂಡಿದ್ದರೆ ಸಾಕಿತ್ತು. ಮನೆಯಲ್ಲಿ ಬದಲಾದದ್ದು ಒಂದೇ, ನೀನು ಇರಲಿಲ್ಲ. ಬ್ಯಾಟರಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

ಹೋದ ಶನಿವಾರ ಮಧ್ಯಾಹ್ನ, ಮನೆಯೆಲ್ಲ ಉಂಡು ಮಲಗಿದ್ದಾಗ, ಗಾಡಿ ಒರೆಸಲು ಶೆಡ್ಡಿಗೆ ಹೋದೆ. ನಮ್ಮ ಹಳೆಯ ಧೋತರಗಳನ್ನು ಕೂಡಿಸಿ ನೀನು ಹೊಲಿದುಕೊಟ್ಟ ಗವಸನ್ನು ಎತ್ತಿದೆ. ಅದರ ಎಡಗಡೆ ನೀನು ಹೊಲಿಯದೆ ಸೀಳು ಬಿಟ್ಟು ಲಾಡಿ ಹಚ್ಚಿದ್ದಿ. ಯಾಕೆಂದು ಆಗ ಕೇಳಿದ್ದೆ. "ಅದಕ್ಕೂ ಗಾಳಿ ಬ್ಯಾಡೇನಪಾ," ಅಂದಿದ್ದಿ. ಲಾಡಿ ಬಿಚ್ಚಿದರೆ ಹಿಂದಿನ ಎಡಗಡೆಯ ಬಾಗಿಲು. ಅದರ ಗಾಜಿನ ಒಳಗಡೆ ಬೆಳ್ಳಗೆ ಏನೋ ಮೆತ್ತಿತ್ತು. ಟವೆಲ್ ತೋಯಿಸಿ ಒರೆಸಲು ಕೈ ಒಯ್ದವನು ನಿಂತೆ.

ವಿಭೂತಿ, ಅಕ್ಕಾ. ಕೂತ ಮನುಷ್ಯರ ಹಣೆಯ ಎತ್ತರಕ್ಕೆ. ಮೂರು ಬೆರಳಿನ ಪಟ್ಟಿ, ಒಂದರ ಮೇಲೆ ಒಂದು, ಹಳೆಯದು ಹೊಸದು ಎಲ್ಲ ಕಲೆತು ಹೋದದ್ದು. ಒಂದು ದಿನದ್ದಲ್ಲ. ಸಾವಿತ್ರಿಯದು ಸಣ್ಣ ಗೀರು. ನನ್ನದು ಅಂಗಡಿ ಮುಟ್ಟುವುದರೊಳಗೆ ಬೆವರಿಗೆ ಅಳಿಸಿರುತ್ತದೆ. ಹಣೆಯ ತುಂಬ ಮೂರು ಬೆರಳು ಎಳೆಯುವವಳು ನಮ್ಮ ಮನೆಯಲ್ಲಿ ನೀನೊಬ್ಬಳು.

ನಾನು ಒಳಗೆ ಹೋಗಿ ನೀನು ಕೂತಲ್ಲಿ ಕೂತೆ. ಸೀಟಿನ ಮೇಲೆ ಹಾಸಿದ ಟವೆಲ್ಲಿನ ಮೂಲೆಗಳು ಮಡಿಸಿಟ್ಟ ಹಾಗೆ ನೇರವಾಗಿದ್ದವು. ಕಾಲಡಿಯ ರಬ್ಬರು ಅಲ್ಲಿ ಮಾತ್ರ ಚೊಕ್ಕವಾಗಿತ್ತು, ಚಪ್ಪಲಿ ಹೊರಗೆ ಬಿಟ್ಟೇ ಕೂತಿದ್ದಿಯಲ್ಲ. ಗಾಜಿಗೆ ಹಣೆ ಹಚ್ಚಿದೆ. ನೀನು ಏನು ನೋಡುತ್ತಿದ್ದಿ ಎಂದು ನೋಡಬೇಕಿತ್ತು. ಕಂಡದ್ದು ಶೆಡ್ಡಿನ ಗೋಡೆ. ಕೆಂಪು ಕಲ್ಲು, ಗಾರೆ ಉದುರಿದ ಸಂದು, ಒಂದು ಮೊಳೆ. ಅಷ್ಟೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ, ತಗಡಿನ ಕೆಳಗೆ, ಧೋತರದ ಗವಸಿನೊಳಗೆ, ನಿಂತ ಗಾಡಿಯ ಕಿಟಕಿಯಿಂದ ನೀನು ಆ ಗೋಡೆ ನೋಡುತ್ತ ಯಾವ ಊರಿಗೆ ಹೋಗುತ್ತಿದ್ದಿ? ಗಾಡಿ ತಂದ ದಿನ ನೀನು ನನ್ನ ಕೇಳಿದ್ದು ನೆನಪಾಯಿತು. "ಇದರಾಗ ಕುಂತ್ರ ಬಸ್ಸಿನಾಗ ಆದಂಗ ಹೊಟ್ಟಿ ತೊಳಸತೈತೇನಪಾ?" ನಾನು ಏನೋ ಪ್ರಾಸ ಹೇಳಿ ನಗಿಸಿ ಕಳಿಸಿದ್ದೆ. ಅದು ಪ್ರಶ್ನೆಯಾಗಿರಲಿಲ್ಲ. ನೀನು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ.

ಸಾಕಷ್ಟು ಹೊತ್ತು ಕೂತಿದ್ದಿರಬೇಕು. ಒಳಮನೆಯಲ್ಲಿ ಯಾರೋ ಕೆಮ್ಮಿದ ಸಪ್ಪಳವಾಯಿತು. ನನಗೆ ಗಾಬರಿಯಾಯಿತು. ನನ್ನದೇ ಗಾಡಿ, ನನ್ನದೇ ಶೆಡ್ಡು, ಆದರೂ ಯಾರಾದರೂ ಬಂದು 'ಇಲ್ಲ್ಯಾಕ ಕುಂತೀರಿ' ಎಂದು ಕೇಳಿದರೆ ಏನು ಹೇಳಲಿ ಎಂದು. ಸದ್ದಿಲ್ಲದೆ ಇಳಿದೆ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ, ಸಪ್ಪಳವಾಗದ ಹಾಗೆ ಒತ್ತಿದೆ. ಅದು ಅರ್ಧ ಹತ್ತಿತು. ಗವಸು ಇಳಿಬಿಟ್ಟು ಲಾಡಿ ಕಟ್ಟುವಾಗ ಸಂದಿನಿಂದ ಒಳಗೆ ಕಣ್ಣು ಹೋಯಿತು. ಕನ್ನಡಿಯ ಮೇಲಿನ ಸಣ್ಣ ದೀಪ ಉರಿಯುತ್ತಿತ್ತು.

ಬಾಗಿಲು ತೆರೆದರೆ ಹತ್ತುವ ದೀಪ ಅದು. ಬಾಗಿಲು ಪೂರ್ತಿ ಹತ್ತಿದರೆ ತಾನೇ ಆರುತ್ತದೆ. ಪೂರ್ತಿ ಹತ್ತಬೇಕೆಂದರೆ ನಮ್ಮ ಗಾಡಿಯ ಆ ಬಾಗಿಲನ್ನು ಧಡಲ್ಲನೆ ಹಾಕಬೇಕು. ಮೆಲ್ಲಗೆ ಹಾಕಿದರೆ ಮುಚ್ಚಿದಂತೆ ಕಾಣುತ್ತದೆ, ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಮೇಲೆ ಗವಸು, ಯಾರಿಗೂ ಕಾಣುವುದಿಲ್ಲ. ಸಂಜೆಯೆಲ್ಲ, ರಾತ್ರಿಯೆಲ್ಲ ಉರಿದು, ನಾನು ಬೆಳಿಗ್ಗೆ ಗವಸು ತೆಗೆಯುವ ಹೊತ್ತಿಗೆ ಬ್ಯಾಟರಿಯೊಡನೆ ತಾನೂ ಆರಿರುತ್ತದೆ. ಇಷ್ಟೇ ನೋಡು ಕಳ್ಳನ ಕತೆ. ಖಾದರಬಾಷಾ ಕಿತ್ತ ವಾಯರುಗಳಲ್ಲಿ ಅದು ಇರಲಿಲ್ಲ.

ನಿನಗೆ ಅದು ಹೇಗೆ ಗೊತ್ತಾಗಬೇಕು? ದೀಪ ಆರಬೇಕು ಎಂದು ತಿಳಿಯಲು ಒಂದು ಸಲವಾದರೂ ಆ ಗಾಡಿಯಲ್ಲಿ ಯಾರಾದರೂ ನಿನ್ನನ್ನು ಕೂಡಿಸಿ, ಬಾಗಿಲು ಹಾಕಿ, ಕರೆದುಕೊಂಡು ಹೋಗಿರಬೇಕಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬಾಗಿಲು ಹೇಗೆ ಹಾಕಬೇಕೆಂದು ಸಣ್ಣವರಿರುವಾಗಲೇ ಕಲಿಸಿದ್ದೇವೆ. ಅಗಳಿ ಸದ್ದಾಗಬಾರದು, ಕದ ಕಿರಗುಟ್ಟಬಾರದು, ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಬಾರದು. ಗುಡೂರಿನಿಂದ ಬಂದ ಮೇಲಂತೂ ನೀನು ಈ ಮನೆಯಲ್ಲಿ ಒಂದು ಸಲವೂ ಬಾಗಿಲು ಸಪ್ಪಳ ಮಾಡಿದ್ದನ್ನು ನಾನು ಕೇಳಿಲ್ಲ. ಅದನ್ನು ನಿನ್ನ ಗುಣವೆಂದು ಹೊಗಳುತ್ತಿದ್ದೆ. 'ನಮ್ಮ ಅಕ್ಕ ಇದ್ದದ್ದೇ ಗೊತ್ತಾಗಂಗಿಲ್ಲ' ಎಂದು ಬೀಗರ ಮುಂದೆ ಹೇಳುತ್ತಿದ್ದೆ. ನನ್ನ ಮನೆಯಲ್ಲಿ ನನ್ನ ಅಕ್ಕ ಇರುವುದೇ ಗೊತ್ತಾಗುವುದಿಲ್ಲ ಎಂದು ನಾನೇ, ನನ್ನ ಬಾಯಿಂದಲೇ, ಹೆಮ್ಮೆಯಿಂದ.

ಆ ದೀಪವನ್ನು ನಾನು ಆರಿಸಲಿಲ್ಲ. ಹಾಗೇ ಬಿಟ್ಟೆ. ಭಾನುವಾರ ಗಾಡಿ ತೆಗೆಯಲಿಲ್ಲ. ಸೋಮವಾರ ಮುಂಜಾನೆ ಸೆಲ್ಫ್ ಹೊಡೆದೆ. 'ಕಟ್' ಎಂದಿತು. ಅಮಾತೆಪ್ಪ ಖುಷಿಯಿಂದ ಕುಣಿಯಿಂದ ಎದ್ದು ಬಂದ. "ಕಳ್ಳ ಹೊಳ್ಳಿ ಬಂದನೇನ್ರಿ?" ಎಂದ. "ಸಿಕ್ಕನಪಾ," ಎಂದೆ. "ಯಾರ್ರಿ?" ಎಂದ. "ನಾನ," ಎಂದೆ. ಅವನು ನನ್ನ ಮುಖ ನೋಡಿ, ಮುಂದೆ ಕೇಳದೆ, ಅಂದು ಒಂದೂ ಚಾಷ್ಟಿ ಮಾಡದೆ ನೂಕಿದ. ಅದಕ್ಕಿಂತ ಅವನು ನಕ್ಕಿದ್ದರೆ ಚೆನ್ನಾಗಿತ್ತು.

ಸಾವಿತ್ರಿಗೆ ಹೇಳಿದೆ. "ಮಧ್ಯಾಹ್ನ ಅಕ್ಕಾರು ಶೆಡ್ಡಿನ ಕಡೆ ಹೋಗೂದು ನೋಡೇನ್ರಿ. ಕಟಗಿ ತರಾಕ ಅನ್ಕೊಂಡಿದ್ನಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಕಟಗಿ ತರತಿದ್ದಿಲ್ಲ," ಎಂದು ತಾನೇ ಹೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಆವತ್ತು ಊಟಕ್ಕ ಕುಂತಾಗ ಹಾಡಿದ್ರಲ್ಲ, ಅದನ್ನ ಅವರು ತಮಗ ಅಂದದ್ದು ಅಂತ ತಿಳಕೊಂಡಾರು," ಎಂದಳು. ನನಗೆ ಗೊತ್ತಿತ್ತು. ಗಾಜಿನ ಮೇಲೆ ವಿಭೂತಿ ಕಂಡ ಗಳಿಗೆಯಲ್ಲೇ ಗೊತ್ತಾಗಿತ್ತು. ಆದರೂ ಇನ್ನೊಬ್ಬರ ಬಾಯಿಂದ ಕೇಳುವವರೆಗೆ ಅದು ಖರೆಯಾಗಿರಲಿಲ್ಲ.

ಅಕ್ಕಾ, ನಾನು ತಿಳಿದು ಹೇಳಿದ್ದಲ್ಲ. ಇದೊಂದು ಮಾತು ನಂಬು. ಎಲ್ಲ ಮಕ್ಕಳ ಮುಂದೆ, ನೀನು ರೊಟ್ಟಿ ನೀಡುತ್ತಿರುವಾಗ, ನಿನ್ನನ್ನೇ ನೋಡುತ್ತ ತಾಳ ಹಾಕಿ ಹಾಡಿದೆ ಎಂದು ನಿನಗೆ ಅನಿಸಿದ್ದರೆ ಅದು ನಿನ್ನ ತಪ್ಪಲ್ಲ. ಮರುದಿನ ನೀನು ಹೋಗಿ ಆ ಕೀಲಿ ನೋಡಿದ್ದಿ. ಏನಂದುಕೊಂಡಿ? ಕೂತದ್ದಕ್ಕೆ ತಮ್ಮ ಕೀಲಿ ಜಡಿದ ಎಂದು. 'ನಾ ಏನೂ ಮುಟ್ಟಿಲ್ಲ' ಎಂದು ನೀನು ನನಗೆ ಹೇಳಬೇಕಾಯಿತು. ನನ್ನ ಅಕ್ಕ. ನನಗೆ. ಗೊತ್ತಿಲ್ಲದೆ ಆಡಿದ ಮಾತಿಗೆ ಇಷ್ಟು ನಾಚುವುದೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿ ನೋಡಿದೆ. ಗೊತ್ತಿಲ್ಲದೆ ಇದ್ದದ್ದೇ ನಾಚಿಕೆ. ಒಂದೇ ಸೂರಿನ ಕೆಳಗೆ, ಒಂದು ಗೋಡೆಯ ಆಚೆ, ನೀನು ಎಷ್ಟೋ ಮಧ್ಯಾಹ್ನ ಅಲ್ಲಿ ಕೂತಿದ್ದಿ. ನಾನು ಇಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಶೆಡ್ಡಿನಲ್ಲಿ ನನ್ನ ಕೈ ಆ ಬಾಗಿಲನ್ನು ಯಾಕೆ ಮೆಲ್ಲಗೆ ಹಾಕಿತು ಎಂದು ಇನ್ನೂ ಯೋಚಿಸುತ್ತಿದ್ದೇನೆ. ಯಾರೂ ನನಗೆ ಹಾಗೆ ಕಲಿಸಿರಲಿಲ್ಲ. ಜೀವಮಾನದಲ್ಲಿ ನಾನು ಬಾಗಿಲನ್ನು ಮೆಲ್ಲಗೆ ಹಾಕಿದವನಲ್ಲ. ಆದರೆ ಅಲ್ಲಿ ಕೂತದ್ದನ್ನು ಯಾರೂ ನೋಡಬಾರದು ಎಂದು ಅನಿಸಿದ ಕೂಡಲೇ ಕೈ ತಾನೇ ಹಗುರಾಯಿತು. ನನಗೆ ಆ ಒಂದು ಗಳಿಗೆ ಅನಿಸಿದ್ದು ನಿನಗೆ ಈ ಮನೆಯಲ್ಲಿ ವರ್ಷಾನುಗಟ್ಟಲೆ ಅನಿಸಿದೆ. ಇದಕ್ಕಿಂತ ಹೆಚ್ಚು ಬಿಡಿಸಿ ಬರೆಯಲು ನನಗೆ ಬರುವುದಿಲ್ಲ.

ಗಾಜಿನ ವಿಭೂತಿಯನ್ನು ನಾನು ಒರೆಸಿಲ್ಲ. ಸಾವಿತ್ರಿಗೂ ಮಕ್ಕಳಿಗೂ ಹೇಳಿದ್ದೇನೆ, ಯಾರೂ ಮುಟ್ಟಬಾರದು ಎಂದು.

ಬರುವ ಸೋಮವಾರ ನಾನು ಚೊಳಚಗುಡ್ಡಕ್ಕೆ ಬರುತ್ತೇನೆ. ಒಬ್ಬನೇ. ಹಿಂದಿನ ಸೀಟಿನ ಮೇಲೆ ನಿನ್ನ ಟ್ರಂಕು ಇರುತ್ತದೆ. ನೀನು ಕಳಿಸು ಎಂದಿ, ನಾನು ಬಸ್ಸಿಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಮುಂದಿನ ಸೀಟು ಖಾಲಿ ಇರುತ್ತದೆ, ಅದರ ಮೇಲೆ ನೂಲಿನ ಗಂಟು ಇರುವುದಿಲ್ಲ. ನೀನು ಬಾ ಎಂದು ನಾನು ಜುಲುಮೆ ಮಾಡುವುದಿಲ್ಲ. ಮುತ್ತವ್ವನ ಮನೆಯಲ್ಲಿ ನೀನು ನಗುತ್ತಿದ್ದರೆ, ಅಲ್ಲಿ ನಿನ್ನ ದನಿ ಅಂಗಳಕ್ಕೆ ಕೇಳುತ್ತಿದ್ದರೆ, ಟ್ರಂಕು ಇಳಿಸಿಟ್ಟು, ನೀರು ಕುಡಿದು ತಿರುಗಿ ಬರುತ್ತೇನೆ. ಆದರೂ ಬಾದಾಮಿಯ ಕೆರೆಯವರೆಗೆ ಒಂದು ಸುತ್ತು ಬಾ. ಹೊಟ್ಟೆ ತೊಳಸುತ್ತದೋ ಇಲ್ಲವೋ ನೋಡಿಯೇಬಿಡು. ಎರಡು ವರ್ಷ ತಡವಾಗಿ ನಿನ್ನ ಪ್ರಶ್ನೆಗೆ ಉತ್ತರ.

ನಮ್ಮ ಮನೆಗೇ ಬರುವೆಯಾದರೆ ಬಾಗಲಕೋಟೆ, ಹುನಗುಂದದ ಮೇಲೆ ದೂರದ ದಾರಿ ಹಿಡಿಯುತ್ತೇನೆ. ಓಣಿಗೆ ಮುಟ್ಟಿದಾಗ ಎಲ್ಲರೂ ಹೊರಗೆ ಇರುವ ಹೊತ್ತು ನೋಡಿಯೇ ಮುಟ್ಟುತ್ತೇನೆ. ಮುಂದಿನ ಬನಶಂಕರಿಗೂ, ಯಾರ ತೊಟ್ಟಿಲಿಗೂ, ಯಾವ ನಿಶ್ಚಯಕ್ಕೂ, ಮೊದಲು ನೀನು ಕೂತ ಮೇಲೆ ಉಳಿದವರು. ಸಾವಿತ್ರಿಯ ತಾಯಿ ಮುಖ ತಿರುಗಿಸಿದರೆ ಆ ಕಡೆಯ ಕಿಟಕಿಯಲ್ಲಿ ಹೊಲ ಕಾಣುತ್ತದೆ, ನೋಡಿಕೊಂಡು ಬರಲಿ. ಇದನ್ನು ನಾನು ವೇದಿಕೆಯ ಮೇಲಿಂದ ಹೇಳುತ್ತಿಲ್ಲ.

ಬೀಸುವ ಕಲ್ಲಿನ ಆಟದಂತೆ ಒಂದು ಸಾಲು ಕಳಿಸೋಣವೆಂದು ಕೂತೆ, ನೀನು ಇನ್ನೊಂದು ಕೂಡಿಸಲಿ ಎಂದು. ಎರಡು ದಿನದಿಂದ ಒಂದು ಸಾಲೂ ಬರುತ್ತಿಲ್ಲ. ಮೂಗಿಗೆ ಹಿಟ್ಟು ಹಚ್ಚು.

ಮನೆಗೆ ಬಂದಿಯೋ, ಕೆರೆಯವರೆಗೆ ಹೋಗಿ ಅಲ್ಲೇ ಉಳಿದಿಯೋ, ಎರಡರಲ್ಲಿ ಯಾವುದಾದರೂ ಆಗಲಿ. ಇಳಿದ ಮೇಲೆ ಒಂದೇ ಒಂದು ಕೆಲಸ ಮಾಡು. ಆ ಬಾಗಿಲನ್ನು ಊರಿಗೆಲ್ಲ ಕೇಳುವ ಹಾಗೆ ಧಡಲ್ಲನೆ ಹಾಕು. ದೀಪ ಆರಲಿ.

ನಿನ್ನ ಕಾಲಿಗೆ ಶರಣು. ನನಗೆ ಹರಸುವುದು ಬಿಡುವುದು ಸೋಮವಾರ ನನ್ನ ಮುಖ ನೋಡಿದ ಮೇಲೆ ಯೋಚಿಸು. ಬನಶಂಕರಿ ನಿನ್ನ ದನಿ ದೊಡ್ಡದು ಮಾಡಲಿ.

ನೂಕಿಸಿಕೊಂಡು ಹೊರಟು ಹಿಂತಿರುಗಿ ನೋಡದ ನಿನ್ನ ತಮ್ಮ,
ಸಂಗು